ಸಂಪಾದಕರ ಉತ್ತರ: ‘ಮಾರೋ’ ಯಾವ ದಿನ?

ಓದುಗರ ಪತ್ರ: ನನ್ನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಕಾಲೇಜಿಗೆ ಬರೆದ ರಜೆ ಚೀಟಿಯಲ್ಲಿ ‘ಐ ವಿಲ್ ನಾಟ್ ಕಮ್ ಮಾರೋ’ ಎಂದು ಬರೆದಿದ್ದಳು. ಲೆಕ್ಚರರ್ ಆ ಪದಕ್ಕೆ ಕೆಂಪು ಸುತ್ತು ಹಾಕಿ, ‘ಇಂಥ ಪದವೇ ಇಲ್ಲ’ ಅಂದರಂತೆ. ನಮ್ಮ ಮನೆಯ ಇಂಗ್ಲಿಷ್-ಕನ್ನಡ ನಿಘಂಟಿನಲ್ಲಿ ‘ನಾಳೆ, ಮರುದಿನ’ ಎಂದು ಅರ್ಥ ಕೊಟ್ಟಿದ್ದಾರೆ. ಯಾರು ಸರಿ? ಷೇಕ್ಸ್‌ಪಿಯರ್ ಬಳಸಿದ ಪದವನ್ನು ನಾವು ಬಳಸಿದರೆ ತಪ್ಪೇನು? ಇನ್ನೊಂದು ಅನುಮಾನವೂ ಇದೆ. ಇದು ನಮ್ಮ ‘ಮಾರನೇ ದಿನ’ದ ಮಾರನೇ ಇರಬಹುದೇ?
– ಓದುಗರೊಬ್ಬರು, ಹಾಸನ

ನಮಸ್ಕಾರ. ಪದ ಇದೆ. ಆದರೆ ನಿಮ್ಮ ಮಗಳು ಅದನ್ನು ಕೂರಿಸಿದ ಜಾಗದಲ್ಲಿ ಅದು ಕೂರುವುದಿಲ್ಲ. ಹಾಗಾಗಿ ಲೆಕ್ಚರರ್ ಹಾಕಿದ ಸುತ್ತು ಸರಿ, ಕೊಟ್ಟ ಕಾರಣ ತಪ್ಪು. ನಿಘಂಟು ಸುಳ್ಳು ಹೇಳಿಲ್ಲ. ಎರಡು ಅರ್ಥಗಳ ನಡುವೆ ಒಂದು ಅಲ್ಪವಿರಾಮ ಹಾಕಿ ಕೈತೊಳೆದುಕೊಂಡಿದೆ, ಅಷ್ಟೆ. ‘ನಾಳೆ’ ಮತ್ತು ‘ಮರುದಿನ’ ಒಂದೇನಾ? ಕನ್ನಡದಲ್ಲಿ ಮಾತಾಡುವಾಗ ನಾವ್ಯಾರೂ ಇವೆರಡನ್ನು ಅದಲು ಬದಲು ಮಾಡುವುದಿಲ್ಲ. ವ್ಯಾಕರಣ ಓದದ ಮಕ್ಕಳೂ ಮಾಡುವುದಿಲ್ಲ.

1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಲಿನ ಊರುಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ನಿಮಗೂ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ, ಮತ್ತೆ ಹೋಗುತ್ತದೆ. (ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು ಅನ್ನುವುದು ನಮಗೆ ಹೆಮ್ಮೆಯ ವಿಷಯವೇ.) ಆ ಉಪಾಯ ಪೂರ್ತಿ ನಿಂತಿದ್ದು ‘ನಾಳೆ’ಯ ಗುಣದ ಮೇಲೆ. ನಾಳೆ ಅನ್ನುವುದು ಓದುವವನ, ಮಾತಾಡುವವನ ಇವತ್ತಿಗೆ ಅಂಟಿಕೊಂಡಿರುತ್ತದೆ. ಇವತ್ತು ಜಾರಿದರೆ ಅದೂ ಜಾರುತ್ತದೆ. ‘ಹಬ್ಬದ ಮರುದಿನ ಬಾ’ ಎಂದು ಬರೆದಿದ್ದರೆ ದೆವ್ವ ಆ ದಿನ ಸರಿಯಾಗಿ ಹಾಜರಾಗಿಬಿಡುತ್ತಿತ್ತು. ಯಾಕೆಂದರೆ ಮರುದಿನಕ್ಕೆ ಹಿಂದೆ ಒಂದು ಗೊತ್ತಾದ ದಿನ ಇರುತ್ತದೆ. ಅದು ಅಲ್ಲಾಡುವುದಿಲ್ಲ.

ಇಂಗ್ಲಿಷಿನ ‘ಟುಮಾರೋ’ ನಮ್ಮ ನಾಳೆ. ‘ಮಾರೋ’ ಬಹುತೇಕ ನಮ್ಮ ಮರುದಿನ. ಅದು ಕಥೆ ಹೇಳುವವರ ಪದ. ಯುದ್ಧ ನಡೆಯಿತು, ‘ಆನ್ ದ ಮಾರೋ’ ರಾಜ ಊರು ಬಿಟ್ಟ. ಇಲ್ಲಿ ಟುಮಾರೋ ಹಾಕಿದರೆ ಅರ್ಥ ಕೆಡುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಮೋಶೆ ಜನರ ನ್ಯಾಯ ತೀರಿಸಲು ಕೂತದ್ದು ‘ಆನ್ ದ ಮಾರೋ’, ಅಂದರೆ ಹಿಂದಿನ ದಿನದ ಘಟನೆಯಾದ ಮರುದಿನ. ಪೂಜಾರಿ ಸಿವುಡನ್ನು ಅರ್ಪಿಸಬೇಕಾದದ್ದು ‘ಆನ್ ದ ಮಾರೋ ಆಫ್ಟರ್ ದ ಸಬ್ಬತ್’, ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಮರುದಿನ. ಅದೇ ಪುಸ್ತಕದಲ್ಲಿ ಯಾರಾದರೂ ಬಾಯಿಬಿಟ್ಟು ‘ನಾಳೆ’ ಅಂದಾಗ ‘ಟು ಮಾರೋ’ ಎಂದು ಎರಡು ಬಿಡಿ ಪದಗಳಾಗಿ ಅಚ್ಚಾಗಿದೆ.

ಷೇಕ್ಸ್‌ಪಿಯರ್ ಬಗ್ಗೆ ಕೇಳಿದ್ದೀರಿ. ಈ ವ್ಯತ್ಯಾಸವನ್ನು ಅವನಷ್ಟು ಚೆನ್ನಾಗಿ ದುಡಿಸಿಕೊಂಡವರು ಕಡಿಮೆ. ‘ಮ್ಯಾಕ್‌ಬೆತ್’ ಮೊದಲ ಅಂಕದ ಐದನೇ ದೃಶ್ಯ. ರಾಜ ಡಂಕನ್ ಮ್ಯಾಕ್‌ಬೆತ್ ದಂಪತಿಯ ಮನೆಗೆ ಅತಿಥಿಯಾಗಿ ಬರುತ್ತಿದ್ದಾನೆ. ಯಾವಾಗ ಹೊರಡುತ್ತಾನೆ ಎಂದು ಹೆಂಡತಿ ಕೇಳುತ್ತಾಳೆ. ಗಂಡ ಹೇಳುವುದು ‘ಟುಮಾರೋ’, ನಾಳೆ ಹೊರಡುವ ಯೋಚನೆಯಲ್ಲಿದ್ದಾನೆ ಅಂತ. ಅದಕ್ಕೆ ಅವಳ ಉತ್ತರ: ‘ಓ, ನೆವರ್ ಶಲ್ ಸನ್ ದಟ್ ಮಾರೋ ಸೀ!’ ಆ ಬೆಳಗನ್ನು ಸೂರ್ಯ ನೋಡುವುದೇ ಇಲ್ಲ. ಗಂಡನ ಬಾಯಲ್ಲಿ ನಾಳೆ ಅನ್ನುವುದು ಬರೀ ಒಂದು ಮಾಹಿತಿ. ಅವಳು ಅದನ್ನು ‘ದಟ್ ಮಾರೋ’ ಮಾಡುತ್ತಾಳೆ. ಬೆರಳು ಮಾಡಿ ತೋರಿಸಬಹುದಾದ, ಬೇಡ ಅನ್ನಿಸಿದರೆ ಅಳಿಸಬಹುದಾದ ಒಂದು ದಿನ. ಡಂಕನ್ನನ ಕೊಲೆಯ ತೀರ್ಮಾನ ಆಗಿದ್ದು ಆ ಒಂದು ಪದದ ಬದಲಾವಣೆಯಲ್ಲಿ ಅಂತ ನನಗೆ ಅನ್ನಿಸುತ್ತದೆ. ಇದೇ ನಾಟಕದ ಕೊನೆಯಲ್ಲಿ ಬರುವ ಆ ಪ್ರಸಿದ್ಧ ಮಾತಿನಲ್ಲಿ ಟುಮಾರೋ ಮೂರು ಸಲ ಬರುತ್ತದೆ. ಅಲ್ಲಿ ಬರೀ ಮಾರೋ ಹಾಕಿದ್ದರೆ ಸಾಗುತ್ತಿರಲಿಲ್ಲ. ಅಲ್ಲಿ ಬೇಕಿದ್ದದ್ದು ಮುಗಿಯದೆ ಜಾರುತ್ತಲೇ ಇರುವ ನಾಳೆ.

ಈಗ ರಜೆ ಚೀಟಿಗೆ ಬರೋಣ. ಅಲ್ಲಿ ಎರಡು ತೊಂದರೆ ಇವೆ. ಒಂದು ವ್ಯಾಕರಣದ್ದು. ಟುಮಾರೋ ಯಾರ ಸಹಾಯವೂ ಇಲ್ಲದೆ ‘ಯಾವಾಗ’ ಅನ್ನುವ ಪ್ರಶ್ನೆಗೆ ಉತ್ತರವಾಗುತ್ತದೆ. ಮಾರೋಗೆ ಆ ಶಕ್ತಿ ಇಲ್ಲ. ಅದು ಬರೀ ನಾಮಪದ. ಹಿಂದೆ ‘ಆನ್ ದ’ ಇರಬೇಕು, ಇಲ್ಲವೇ ‘ದಟ್’ ಥರದ್ದು ಏನಾದರೂ ಬೇಕು. ‘ಕಮ್ ಮಾರೋ’ ಅನ್ನುವುದು ಇಂಗ್ಲಿಷಿನ ಕಿವಿಗೆ ಅರ್ಧಕ್ಕೆ ನಿಂತ ಮಾತು. (ಹಿಂದಿ ಬಲ್ಲವರ ಕಿವಿಗೆ ‘ಹೊಡಿ’ ಅಂದಂತೆ, ನಮ್ಮ ಕಿವಿಗೆ ಏನನ್ನೋ ಮಾರಲು ಹೇಳಿದಂತೆ ಕೇಳಿಸಿದರೆ ಅದಕ್ಕೆ ಇಂಗ್ಲಿಷ್ ಹೊಣೆಯಲ್ಲ.) ಎರಡನೆಯದು ಸಂದರ್ಭದ್ದು. ‘ಆನ್ ದ ಮಾರೋ’ ಎಂದು ಪೂರ್ತಿ ಬರೆದಿದ್ದರೂ ಅದು ರಜೆ ಚೀಟಿಯ ಭಾಷೆ ಅಲ್ಲ. ‘ಮಾನ್ಯರೇ, ಜ್ವರದ ನಿಮಿತ್ತ ನಾಳಿನ ದಿವಸಂ ಬರಲಾರೆಂ’ ಎಂದು ಕನ್ನಡದಲ್ಲಿ ಬರೆದು ಕೊಟ್ಟರೆ ಹೇಗಿರುತ್ತದೆ ಊಹಿಸಿ. ಟುಮಾರೋ ಎಂದೇ ಬರೆಯಲಿ. ಪಕ್ಕದಲ್ಲಿ ತಾರೀಖು ಹಾಕಲಿ. ಆ ಚೀಟಿಯನ್ನು ಆಫೀಸಿನವರು ಯಾವತ್ತು ಓದುತ್ತಾರೋ ಯಾರಿಗೆ ಗೊತ್ತು?

ಶಾಲೆಯಲ್ಲಿ ‘ಡೈರೆಕ್ಟ್ ಸ್ಪೀಚ್, ಇನ್‌ಡೈರೆಕ್ಟ್ ಸ್ಪೀಚ್’ ಪಾಠ ಮಾಡುವಾಗ ಒಂದು ಪಟ್ಟಿ ಬಾಯಿಪಾಠ ಮಾಡಿಸುತ್ತಾರಲ್ಲ, ‘ಟುಮಾರೋ ಬಂದರೆ ದ ನೆಕ್ಸ್ಟ್ ಡೇ ಮಾಡು’ ಅಂತ, ಅದು ಈ ವಿಷಯವೇ. ಇವತ್ತಿನ ಇಂಗ್ಲಿಷಿನಲ್ಲಿ ‘ಮಾರೋ’ ಕೂರುತ್ತಿದ್ದ ಜಾಗಕ್ಕೆ ‘ನೆಕ್ಸ್ಟ್ ಡೇ’ ಬಂದು ಕೂತಿದೆ. ನಮ್ಮ ಮಕ್ಕಳಿಗೆ ಆ ಪಾಠ ಜಾಸ್ತಿ ತಲೆನೋವು ಕೊಡಲು ಕಾರಣವೂ ಇದೆ. ಕನ್ನಡದಲ್ಲಿ ಈ ಬದಲಾವಣೆ ಬೇಕಾಗುವುದಿಲ್ಲ. ‘ನಾಳೆ ಬರ್ತೀನಿ ಅಂದ, ಬರಲೇ ಇಲ್ಲ’ ಅನ್ನುತ್ತೇವೆ. ಆ ನಾಳೆ ಕಳೆದು ತಿಂಗಳಾಗಿರಬಹುದು. ಆದರೂ ಅವನ ಮಾತನ್ನು ಅವನ ಬಾಯಲ್ಲೇ ಬಿಟ್ಟು ‘ಅಂದ’ ಅಂತ ಸೇರಿಸಿದರೆ ಮುಗಿಯಿತು. ‘ನಾಳೆ ಮದುವೆ ಅಂದರೆ ಇವತ್ತು ಮಳೆ ಹಿಡಿಯಿತು’ ಅನ್ನುವ ಮಾತೂ ಹಾಗೆಯೇ. ಎಂದೋ ಆಗಿಹೋದ ಮದುವೆಗೂ ನಾಳೆ, ಇವತ್ತು ನಡೆಯುತ್ತವೆ. ಇಂಗ್ಲಿಷಿಗೆ ಈ ಸಲೀಸು ಇಲ್ಲ.

ಪದ ಎಲ್ಲಿಂದ ಬಂತು ಅನ್ನುವುದು ನಿಮ್ಮ ಕೊನೆಯ ಅನುಮಾನಕ್ಕೂ ಉತ್ತರ. ಹಳೆಯ ಇಂಗ್ಲಿಷಿನಲ್ಲಿ ‘ಮೋರ್ಗೆನ್’ ಎಂಬ ಪದ ಇತ್ತು. ಅರ್ಥ ಬೆಳಗ್ಗೆ. ಅದು ಸವೆದು ‘ಮೋರ್ವೆನ್’ ಆಯಿತು, ಇನ್ನೂ ಸವೆದು ‘ಮಾರೋ’ ಆಯಿತು. ಇನ್ನೊಂದು ದಾರಿಯಲ್ಲಿ ‘ಮಾರ್ನ್’ ಆಯಿತು. ‘ಈವ್ನಿಂಗ್’ ನೋಡಿಕೊಂಡು ಅದಕ್ಕೂ ಒಂದು ‘ಇಂಗ್’ ಹಚ್ಚಿ ‘ಮಾರ್ನಿಂಗ್’ ಮಾಡಿದರು. ‘ಟು ಮಾರೋ’ ಅಂದರೆ ಮೊದಲಿಗೆ ಬೆಳಗ್ಗೆಗೆ, ಬೆಳಗಾದ ಮೇಲೆ ಅಂತಷ್ಟೇ. ಬಹುಕಾಲ ಅದು ಎರಡು ಪದ. ಆಮೇಲೆ ನಡುವೆ ಅಡ್ಡಗೆರೆ. ಇಪ್ಪತ್ತನೇ ಶತಮಾನದ ಶುರುವಿನ ಪುಸ್ತಕಗಳಲ್ಲೂ ಆ ಗೆರೆ ಕಾಣುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕ ಯಾವುದಾದರೂ ಮನೆಯಲ್ಲಿದ್ದರೆ ತೆಗೆದು ನೋಡಿ.

ಬೆಳಗಿಗೂ ನಾಳೆಗೂ ಒಂದೇ ಪದ ಅನ್ನುವುದು ಯುರೋಪಿನಲ್ಲಿ ವಿಚಿತ್ರವೇನಲ್ಲ. ಜರ್ಮನ್ನಿನ ‘ಮೋರ್ಗೆನ್’ ಇವತ್ತಿಗೂ ಎರಡೂ ಹೌದು. ಸ್ಪ್ಯಾನಿಷ್ ‘ಮಾನ್ಯಾನಾ’ ಕೂಡ ಎರಡೂ. ಫ್ರೆಂಚಿನ ‘ದಮ್ಯಾ’ ಲ್ಯಾಟಿನ್ನಿನ ಬೆಳಗಿನಿಂದ ಬಂದದ್ದು. ದೀಪ ಆರಿಸಿದ ಮೇಲೆ ಮುಂದಿನ ಕೆಲಸ ಬೆಳಕು ಹರಿದ ಮೇಲೇ ತಾನೇ. ಸ್ಕಾಟ್ಲೆಂಡಿನವರು ಈಗಲೂ ನಾಳೆಗೆ ‘ದ ಮಾರ್ನ್’ ಅನ್ನುತ್ತಾರೆ. ನಾಳೆ ಬೆಳಗ್ಗೆಗೆ ‘ದ ಮಾರ್ನ್ಸ್ ಮಾರ್ನ್’. ಕೇಳಲು ಚೆನ್ನಾಗಿದೆ, ಅಲ್ವಾ? ನಮ್ಮ ನಾಳೆ ಮಾತ್ರ ಬೆಳಗಿನಿಂದ ಬಂದದ್ದಲ್ಲ. ಅದು ‘ನಾಳ್’, ಅಂದರೆ ದಿನ ಅನ್ನುವ ಹಳೆಯ ಪದದಿಂದ ಬಂದದ್ದು.

ಮೋರ್ಗೆನ್ನಿನ ‘ಗ’ ಎಲ್ಲಿ ಹೋಯಿತು ಅನ್ನುವುದು ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಭಾಗ. ಹಳೆಯ ಇಂಗ್ಲಿಷಿನಲ್ಲಿ ‘ರ’, ‘ಲ’ಗಳ ನಂತರ ಬರುವ ‘ಗ’ ಗಂಟಲಲ್ಲಿ ಮೆತ್ತಗಾಗಿತ್ತು. ಬರುಬರುತ್ತಾ ಅದು ‘ವ’ ಕಡೆಗೆ ಜಾರಿತು. ಜರ್ಮನ್ನರು ‘ಗ’ವನ್ನು ಉಳಿಸಿಕೊಂಡರು. ಅವರ ‘ಜೋರ್ಗೆ’ (ಚಿಂತೆ) ಇಲ್ಲಿ ‘ಸಾರೋ’. ಅವರ ‘ಬೋರ್ಗೆನ್’ (ಸಾಲ) ಇಲ್ಲಿ ‘ಬಾರೋ’. ಅವರ ‘ಫೋಲ್ಗೆನ್’ ಇಲ್ಲಿ ‘ಫಾಲೋ’. ಮಾರೋ, ಸಾರೋ, ಬಾರೋ ಪ್ರಾಸವಾಗಿ ಬರುವುದು ಬರೀ ಅದೃಷ್ಟ ಅಲ್ಲ. ಮೂರೂ ಒಂದೇ ದಾರಿಯಲ್ಲಿ ಸವೆದು ಬಂದ ಪದಗಳು. ಇಂಗ್ಲಿಷ್ ಕವಿಗಳು ಮಾರೋವನ್ನು ಕೈಬಿಡದೆ ಇದ್ದದ್ದಕ್ಕೆ ಅರ್ಧ ಕಾರಣ ಇದೇ ಇರಬೇಕು. ದುಃಖ ಅಂದ ಕೂಡಲೇ ಸಾರೋ ಬರುತ್ತದೆ, ಸಾರೋಗೆ ಜೊತೆ ಬೇಕು. ಜೂಲಿಯೆಟ್ ರೋಮಿಯೋನನ್ನು ಕಳಿಸುವಾಗ ಹೇಳುವ ‘ಸ್ವೀಟ್ ಸಾರೋ’ ಮುಂದಿನ ಸಾಲಿನಲ್ಲಿ ‘ಟಿಲ್ ಇಟ್ ಬಿ ಮಾರೋ’ ಎಂದು ಮುಗಿಯುತ್ತದೆ. ಬೆಳಗಾಗುವ ತನಕ ಗುಡ್‌ನೈಟ್ ಹೇಳುತ್ತಲೇ ಇರ್ತೀನಿ ಅಂತ. ಇಲ್ಲಿ ಹಿಂದೆ ‘ದ’ ಕೂಡ ಇಲ್ಲ ನೋಡಿ. ಕವಿತೆಗೆ ಅಷ್ಟು ಸಲಿಗೆ ಉಂಟು, ರಜೆ ಚೀಟಿಗೆ ಇಲ್ಲ.

‘ಮಾರನೇ ದಿನ’ಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಿವಿಗೆ ಹತ್ತಿರ, ಅರ್ಥಕ್ಕೂ ಹತ್ತಿರ. ಆದರೂ ಇದು ಶುದ್ಧ ಕಾಕತಾಳೀಯ. ನಮ್ಮದು ‘ಮರು’. ಹಳಗನ್ನಡದಲ್ಲಿ ಶಕಟರೇಫ ಹಾಕಿ ‘ಮಱು’ ಎಂದು ಬರೆಯುತ್ತಿದ್ದರು. ಮತ್ತೊಂದು, ಎರಡನೆಯದು, ತಿರುಗಿ ಬರುವಂಥದ್ದು ಎಂದು ಅರ್ಥ. ಮರುಮಾತು, ಮರುಹುಟ್ಟು, ಮಾರ್ದನಿ ಎಲ್ಲ ಆ ಬಳಗ. ತಮಿಳರ ‘ಮರುನಾಳ್’, ತೆಲುಗರ ‘ಮರುನಾಡು’ ಕೂಡ ಇದೇ. ಇಂಗ್ಲಿಷಿನದು ಬೆಳಗಿನಿಂದ ಹೊರಟ ಪದ, ನಮ್ಮದು ಎಣಿಕೆಯಿಂದ ಹೊರಟ ಪದ. ಎರಡೂ ಬಂದು ನಿಂತದ್ದು ಮಾತ್ರ ಅಕ್ಕಪಕ್ಕದಲ್ಲಿ.

ಬೆಳಗಿನ ಅರ್ಥ ಇನ್ನೂ ಉಳಿದಿರುವುದು ‘ಗುಡ್ ಮಾರೋ’ದಲ್ಲಿ. ಇದನ್ನು ‘ನಾಳೆ ಒಳ್ಳೆಯದಾಗಲಿ’ ಎಂದು ತಿಳಿದು ರಾತ್ರಿ ಹತ್ತು ಗಂಟೆಗೆ ವಾಟ್ಸಾಪಿನಲ್ಲಿ ಕಳಿಸುವವರಿದ್ದಾರೆ. ಅದು ಗುಡ್ ಮಾರ್ನಿಂಗ್, ಅಷ್ಟೆ. ರೋಮಿಯೋಗೆ ಗೆಳೆಯ ಬೆನ್ವೋಲಿಯೋ ‘ಗುಡ್ ಮಾರೋ’ ಅಂದಾಗ ಅವನು ‘ಇನ್ನೂ ಅಷ್ಟು ಬೆಳಗ್ಗೆಯಾ?’ ಎಂದು ಕೇಳುತ್ತಾನೆ. ‘ಈಗ ತಾನೇ ಒಂಬತ್ತು ಹೊಡೆಯಿತು’ ಅನ್ನುವುದು ಉತ್ತರ. ಜಾನ್ ಡನ್ ಕವಿಯ ಒಂದು ಪ್ರೇಮಕವಿತೆಗೆ ಇದೇ ಹೆಸರು. ಅದು ಅಚ್ಚಾದದ್ದು 1633ರಲ್ಲಿ, ಕವಿ ತೀರಿಕೊಂಡ ಮೇಲೆ. ಅಲ್ಲಿಯೂ ಎಚ್ಚರಗೊಂಡ ಎರಡು ಜೀವಗಳಿಗೆ ಹೇಳುವ ಬೆಳಗಿನ ನಮಸ್ಕಾರವೇ ಇರುವುದು. ಈಗ ಇದನ್ನು ಗಟ್ಟಿಯಾಗಿ ಹೇಳುವವರು ನಾಟಕದವರು, ಇಲ್ಲವೇ ತಮಾಷೆಗೆ ಹಳೆಯ ಕಾಲದವರಂತೆ ನಟಿಸುವವರು.

ಹಾಗಾದರೆ ಇವತ್ತು ಗಂಭೀರವಾಗಿ ಎಲ್ಲಿ ಬಳಸಬಹುದು? ಒಂದು ಜಾಗದಲ್ಲಿ ಇದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ‘ಆನ್ ದ ಮಾರೋ ಆಫ್’ ಎಂದು ದೊಡ್ಡ ಘಟನೆಯೊಂದನ್ನು ಸೇರಿಸಿದಾಗ. ‘ಆನ್ ದ ಮಾರೋ ಆಫ್ ಇಂಡಿಪೆಂಡೆನ್ಸ್’ ಅಂದರೆ ಆಗಸ್ಟ್ 16 ಅಂತಲೇ ಆಗಬೇಕಿಲ್ಲ. ಸ್ವಾತಂತ್ರ್ಯ ಬಂದ ಬೆನ್ನಿಗೆ ಅಂತ. ಇತಿಹಾಸ ಬರೆಯುವವರಿಗೆ ಇದು ಉಪಯೋಗದ ಮಾತು. ಇಂಗ್ಲೆಂಡಿನ ಕಾನೂನಿನವರು ಮಾತ್ರ ಇದನ್ನು ಅಕ್ಷರಶಃ ಹಿಡಿಯುತ್ತಿದ್ದರು. ಅಲ್ಲಿ ಜಿಲ್ಲೆಗಳ ಶೆರಿಫ್ ಹುದ್ದೆಗೆ ಹೆಸರು ಸೂಚಿಸುವ ದಿನಕ್ಕೆ ‘ಸೇಂಟ್ ಮಾರ್ಟಿನ್ನನ ಮಾರೋ’ ಅನ್ನುತ್ತಿದ್ದರು. ಆ ಸಂತನ ಹಬ್ಬ ನವೆಂಬರ್ 11, ಹಾಗಾಗಿ ಇದು 12. ನಮ್ಮಲ್ಲೂ ಹಬ್ಬ ಹಿಡಿದು ದಿನ ಹೇಳುವ ರೂಢಿ ಇದೆಯಲ್ಲ, ದೀಪಾವಳಿ ಆದ ಮಾರನೇ ದಿನ, ಜಾತ್ರೆ ಮುಗಿದ ಮರುದಿನ ಅಂತ.

ಕವಿತೆ ಬರೆದರೆ ನಿಮ್ಮ ಮಗಳು ಧಾರಾಳವಾಗಿ ಬಳಸಲಿ. ಹಳೆಯ ಕಾಲದ ಕಥೆ ಬರೆದರೂ ಸರಿ. ಮಾತಿನಲ್ಲಿ, ಪತ್ರದಲ್ಲಿ, ಪರೀಕ್ಷೆಯ ಪ್ರಬಂಧದಲ್ಲಿ ಬೇಡ. ಸುಮ್ನೆ ಇಂಗ್ಲಿಷ್ ಜೋರಾಗಿ ಕಾಣಲಿ ಎಂದು ಹಳೆಯ ಪದ ತುರುಕಿದರೆ ಓದುವವರಿಗೆ ಅದೇ ಮೊದಲು ಗೊತ್ತಾಗುತ್ತದೆ. ಆದರೆ ಪದ ಹುಡುಕಿ ತಂದ ಆಸಕ್ತಿಯನ್ನು ಯಾರೂ ಚಿವುಟಬಾರದು. ‘ಇಂಥ ಪದವೇ ಇಲ್ಲ’ ಅನ್ನುವ ಮುಂಚೆ ಲೆಕ್ಚರರ್ ಒಮ್ಮೆ ನಿಘಂಟು ತೆರೆಯಬಹುದಿತ್ತು.

ಈ ಬಳಗದ ಇನ್ನೊಂದು ಪದವನ್ನೂ ಹೇಳಿಬಿಡುತ್ತೇನೆ, ಅವಳಿಗೆ ಇಷ್ಟವಾಗಬಹುದು. ನಮ್ಮ ‘ನಾಡಿದ್ದು’ಗೆ ಇಂಗ್ಲಿಷಿನಲ್ಲಿ ಈಗ ಒಂದೇ ಪದ ಇಲ್ಲ. ‘ಡೇ ಆಫ್ಟರ್ ಟುಮಾರೋ’ ಎಂದು ಉದ್ದಕ್ಕೆ ಹೇಳಬೇಕು. ಹಿಂದೆ ಒಂದು ಇತ್ತು, ‘ಓವರ್‌ಮಾರೋ’. 1535ರ ಕವರ್‌ಡೇಲ್ ಬೈಬಲ್ಲಿನಲ್ಲಿ ಸಿಗುತ್ತದೆ. ಜರ್ಮನ್ನರು ತಮ್ಮ ‘ಊಬರ್‌ಮೋರ್ಗೆನ್’ ಅನ್ನು ದಿನಾ ಬಳಸುತ್ತಾರೆ, ಇಂಗ್ಲಿಷಿನವರು ಕಳೆದುಕೊಂಡರು. ಈಚೆಗೆ ಕೆಲವರು ಅದನ್ನು ಮತ್ತೆ ತರಲು ನೋಡುತ್ತಿದ್ದಾರೆ, ಇನ್ನೂ ಯಾರ ಬಾಯಿಗೂ ಹತ್ತಿಲ್ಲ. ನಮ್ಮ ‘ಆಚೆ ನಾಡಿದ್ದು’ಗಂತೂ ಅವರಲ್ಲಿ ದಾರಿಯೇ ಇಲ್ಲ. ಆಫೀಸಿನ ಮೇಲ್‌ನಲ್ಲಿ ಅದನ್ನು ಇಂಗ್ಲಿಷಿಗೆ ಹಾಕಬೇಕಾಗಿ ಬಂದರೆ ವಾರದ ಹೆಸರು ಬರೆದುಬಿಡುವುದೇ ವಾಸಿ.