ನರಸಾಪುರದ ಫೋನು, ಕೋಲಾರದ ಟೊಮೆಟೊ

ಓದುಗರ ಪತ್ರ: ಐಫೋನ್ ಈಗ ನಮ್ಮ ನರಸಾಪುರದಲ್ಲೇ ತಯಾರಾಗುತ್ತದೆ. ಮಗ ಅದೇ ಬೇಕೆಂದು ಹಟ ಹಿಡಿದಿದ್ದಾನೆ. ಕೋಲಾರದ ಅಂಗಡಿಯಲ್ಲಿ ಕೇಳಿದರೆ ಎಂಬತ್ತು ಸಾವಿರ! ನಮ್ಮ ಟೊಮೆಟೊ ನಮ್ಮ ಮಂಡಿಯಲ್ಲಿ ಅಗ್ಗ, ದೆಹಲಿಯಲ್ಲಿ ದುಬಾರಿ. ಫೋನಿಗೆ ಯಾಕೆ ಈ ನ್ಯಾಯವಿಲ್ಲ?
— ಓದುಗರೊಬ್ಬರು, ಕೋಲಾರ

ಸಂಪಾದಕರ ಉತ್ತರ: ಟೊಮೆಟೊ ನಿಮ್ಮ ಮಣ್ಣಿನಲ್ಲೇ ಬೆಳೆಯುತ್ತದೆ ಸ್ವಾಮಿ. ಫೋನು ನರಸಾಪುರದಲ್ಲಿ ಜೋಡಣೆಯಾಗುತ್ತದೆ, ಅಷ್ಟೇ. ಅದರ ಪ್ರೊಸೆಸರ್ ತಯಾರಿಸುವುದು ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ, ಕ್ಯಾಮೆರಾದ ಸೆನ್ಸರ್ ಜಪಾನಿನ ಸೋನಿಯದು. 4ಜಿ, 5ಜಿ ಪೇಟೆಂಟುಗಳ ಬಾಬ್ತು ಕ್ವಾಲ್ಕಾಮ್, ಎರಿಕ್ಸನ್, ನೋಕಿಯಾಗಳಿಗೆ ರಾಯಲ್ಟಿ ಬೇರೆ. (ನಮ್ಮ ಜೇಬಿನಿಂದ ನೋಕಿಯಾ ಮರೆಯಾಗಿ ಎಷ್ಟೋ ವರ್ಷವಾಯಿತು, ಪಾಲು ಮಾತ್ರ ಇನ್ನೂ ಹೋಗುತ್ತಿದೆ.) ಇದರಲ್ಲಿ ಜೋಡಿಸುವ ಕೂಲಿ ತೀರಾ ಚಿಕ್ಕ ಬಾಬ್ತು.

ಲೆಕ್ಕಕ್ಕೆ 2024ರ ಸೆಪ್ಟೆಂಬರಿನಲ್ಲಿ ಬಂದ ಐಫೋನ್ 16 ತೆಗೆದುಕೊಳ್ಳೋಣ. ಆಗ ಅದರ ಬೆಲೆ 79,900 ರೂಪಾಯಿ. ಅದರೊಳಗೆ ಶೇ 18ರ ಜಿಎಸ್‌ಟಿಯೇ 12,188. (2020ರ ಮಾರ್ಚ್‌ವರೆಗೆ ಈ ತೆರಿಗೆ ಶೇ 12 ಇತ್ತು.) ತೆರಿಗೆ ಕಳೆದರೆ ಉಳಿಯುವುದು ಸುಮಾರು 67,700. ಅಮೆರಿಕದಲ್ಲಿ ಅದೇ ಫೋನಿಗೆ ತೆರಿಗೆ ಬಿಟ್ಟು 799 ಡಾಲರ್, ಆಗಿನ ದರದಲ್ಲಿ ಸುಮಾರು 67,000. ಅಂದರೆ ನರಸಾಪುರದ ಪಕ್ಕದಲ್ಲಿರುವ ನಿಮಗೂ ನ್ಯೂಯಾರ್ಕಿನವನಿಗೂ ಮೂಲ ಬೆಲೆ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಅಷ್ಟೂ ಖರ್ಚೇ? ಅಲ್ಲ. 128 ಜಿಬಿಯ ಬದಲು 256 ಜಿಬಿ ಕೇಳಿದರೆ 10,000 ಹೆಚ್ಚು ಕೊಡಬೇಕಿತ್ತು. ಉಗುರಿನಷ್ಟಿಲ್ಲದ ಆ ಮೆಮೊರಿ ಚಿಪ್ಪಿಗೆ ಅದರ ಹತ್ತಿರದ ಖರ್ಚೂ ಬೀಳುವುದಿಲ್ಲ. ಇನ್ನೂ ಒಂದು ತಮಾಷೆ: 16 ಬಂದದ್ದೇ ತಡ, 79,900ರ ಐಫೋನ್ 15 69,900ಕ್ಕೆ ಇಳಿಯಿತು. ಅದೇ ಪರದೆ, ಅದೇ ಚಿಪ್ಪು, ಅದೇ ಡಬ್ಬಿ! ಆ ಹಣಕಾಸು ವರ್ಷದಲ್ಲಿ ಆಪಲ್ ತಾನು ಮಾರಿದ ಸಾಧನಗಳ ಪ್ರತಿ ನೂರು ಡಾಲರಿನಲ್ಲಿ ತಯಾರಿಕೆಯ ವೆಚ್ಚ ಕಳೆದು ಉಳಿಸಿಕೊಂಡದ್ದು ಸುಮಾರು 37. ಸಂಶೋಧನೆ, ಜಾಹೀರಾತು, ಲಾಭ ಎಲ್ಲ ಅದರಲ್ಲೇ ಬರಬೇಕು ನಿಜ. ಆದರೂ ಕೊಡುವವರಿದ್ದಾರೆಂಬ ಧೈರ್ಯವೇ ಇಲ್ಲಿ ಬೆಲೆ ಕಟ್ಟುತ್ತಿದೆ ಎಂದು ನನ್ನ ಅನಿಸಿಕೆ. ಕಂತಿನ ಸೌಲಭ್ಯ ಬಂದ ಮೇಲಂತೂ ಎಷ್ಟೋ ಅಂಗಡಿಯವರು ಎಂಬತ್ತು ಸಾವಿರ ಎನ್ನುವುದೇ ಇಲ್ಲ, ತಿಂಗಳಿಗೆ ಇಷ್ಟು ಎನ್ನುತ್ತಾರೆ.

ನಿಮ್ಮ ಮಂಡಿಯ ನ್ಯಾಯ ಇಲ್ಲಿ ತಿರುಗುಮುರುಗು. ಅಲ್ಲಿ ಕ್ರೇಟು ಮುಂದಿಟ್ಟು ನಿಂತ ರೈತನ ಬೆಲೆಯನ್ನು ಬೇರೆಯವರು ಕೂಗುತ್ತಾರೆ. ಇಲ್ಲಿ ಮಾರುವವನೇ ಕೂಗುತ್ತಾನೆ, ಹರಾಜೇ ಇಲ್ಲ.

ಮಗನನ್ನು ಒಪ್ಪಿಸಲು ಸಾಧ್ಯವಾದರೆ ಮುಂದಿನ ಮಾದರಿ ಬರುವವರೆಗೆ ಕಾಯಿಸಿ, ಹಳೆಯದನ್ನೇ ಕೊಡಿಸಿ.