ಸಿಸ್ಟರ್ ಕರೆದಿದ್ದಾರೆ, ಉಗಾಂಡಾಕ್ಕೆ ಹೋಗಲಾ?

ಪ್ರಶ್ನೆ: ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಸಿಸ್ಟರ್ ಈಗ ಉಗಾಂಡಾದಲ್ಲಿದ್ದಾರೆ. ಅವರ ಕಾನ್ವೆಂಟಿನವರು ಅಲ್ಲಿ ಒಂದು ಶಾಲೆ, ಒಂದು ಸಣ್ಣ ಆಸ್ಪತ್ರೆ ನಡೆಸುತ್ತಾರೆ. "ಮಗಳನ್ನೂ ಕರ್ಕೊಂಡು ಬಾ, ಹತ್ತು ದಿನ ಇದ್ದು ಹೋಗು" ಅಂತ ಹೇಳುತ್ತಲೇ ಇರುತ್ತಾರೆ. ನಾವು ಕ್ರೈಸ್ತರಲ್ಲ. ಅಲ್ಲಿ ಹೇಗಿರಬೇಕೋ ತಿಳಿಯುತ್ತಿಲ್ಲ.

ಉತ್ತರ: ಹೋಗಿ ಬನ್ನಿ. ಇಷ್ಟು ವರ್ಷ ಆದ ಮೇಲೂ ನಿಮ್ಮನ್ನು ನೆನಪಿಟ್ಟುಕೊಂಡು ಕರೆಯುವ ಟೀಚರ್ ಎಷ್ಟು ಜನರಿಗೆ ಸಿಗುತ್ತಾರೆ?

ಮೊದಲು ಕಾಗದಪತ್ರದ ಕೆಲಸ ಮುಗಿಸಿ. ಉಗಾಂಡಾಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ, ಅದರ ಸರ್ಟಿಫಿಕೇಟನ್ನು ಪಾಸ್‌ಪೋರ್ಟ್ ಒಳಗೇ ಇಟ್ಟಿರಿ, ಯಾಕೆಂದರೆ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲೂ ಅದನ್ನು ಕೇಳುತ್ತಾರೆ. ವೀಸಾಕ್ಕೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸಿಸ್ಟರ್ ಹತ್ತಿರ ಒಂದು ಆಹ್ವಾನ ಪತ್ರ ತರಿಸಿಕೊಳ್ಳಿ. ಮಲೇರಿಯಾಕ್ಕೆ ಯಾವ ಮಾತ್ರೆ ಅಂತ ಡಾಕ್ಟರನ್ನು ಕೇಳಿ, ಇದನ್ನು ಮಾತ್ರ ಮುಂದೂಡಬೇಡಿ. ಜೂನ್ 3ರ ಆಸುಪಾಸು ಹೋಗುವುದಾದರೆ ರಾಜಧಾನಿ ಕಂಪಾಲಾ ಹತ್ತಿರದ ನಮುಗೊಂಗೊದಲ್ಲಿ ಕ್ರೈಸ್ತ ಹುತಾತ್ಮರ ನೆನಪಿಗೆ ನಡೆಯುವ ಜಾತ್ರೆಗೆ ದೇಶದ ಮೂಲೆಮೂಲೆಯಿಂದ ಜನ ನಡೆದುಕೊಂಡೇ ಬರುತ್ತಾರೆ, ರಸ್ತೆ ತುಂಬಿರುತ್ತದೆ.

ಕಾನ್ವೆಂಟ್ ಅಂದರೆ ನಮಗೆ ಶಾಲೆ ಅಂತಲೇ ಆಗಿಬಿಟ್ಟಿದೆ, ಅಲ್ವಾ? ಅದು ಮೊದಲು ಒಂದು ಮನೆ. ಬೇರೆಬೇರೆ ಊರಿನ, ಬೇರೆಬೇರೆ ಭಾಷೆಯ ಹೆಂಗಸರು ಒಂದೇ ಗಂಟೆಗೆ ಎದ್ದು, ಒಂದೇ ಮೇಜಿನಲ್ಲಿ ಉಣ್ಣುವ ಮನೆ. ಕತ್ತಲಿರುವಾಗಲೇ ಚಾಪೆಲ್‌ನಲ್ಲಿ, ಅಂದರೆ ಮನೆಯ ಪ್ರಾರ್ಥನಾ ಕೋಣೆಯಲ್ಲಿ, ಪ್ರಾರ್ಥನೆ, ಪೂಜೆ. ಸಂಜೆ ಮತ್ತೆ ಪ್ರಾರ್ಥನೆ. ರಾತ್ರಿಯ ಪ್ರಾರ್ಥನೆ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಮಾತೇ ಇರುವುದಿಲ್ಲ. ನೀವು ಹಿಂದಿನ ಬೆಂಚಿನಲ್ಲಿ ಕೂತು, ಅವರು ಎದ್ದಾಗ ಎದ್ದರೆ ಸಾಕು. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಎಲ್ಲರೂ ಸಾಲಾಗಿ ಹೊರಟಾಗ ಮಾತ್ರ ಕೂತಲ್ಲೇ ಇರಿ, ಅದು ಕ್ಯಾಥೊಲಿಕ್ ಚರ್ಚಿನವರಿಗೆ ಮೀಸಲು. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಾನು ಅಂಥ ಒಂದು ಮನೆಯಲ್ಲಿ ಒಂದು ವಾರ ಇದ್ದೆ. ಮೊದಲ ದಿನ ಆಸ್ಪತ್ರೆ, ಶಾಲೆ ಎಲ್ಲ ತೋರಿಸಿದರು, ಚೆನ್ನಾಗಿಯೇ ಇತ್ತು. ಆದರೆ ನನಗೆ ಅವರ ಪರಿಚಯ ಆಗಿದ್ದು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ. ಹಸಿ ಬಾಳೆಕಾಯಿಯನ್ನು ಸಿಪ್ಪೆ ತೆಗೆದು, ಬಾಳೆ ಎಲೆಯಲ್ಲಿ ಮೂಟೆ ಕಟ್ಟಿ, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ ಮಟೊಕೆ ಮಾಡುತ್ತಾರೆ, ಅದಕ್ಕೆ ಕಡಲೆಕಾಯಿಯ ಗಟ್ಟಿ ಸಾರು. ನನಗೂ ಒಂದು ಚಾಕು ಕೊಟ್ಟರು. ಬಾಳೆಕಾಯಿಯ ಅಂಟಿಗೆ ನನ್ನ ಬೆರಳೆಲ್ಲ ಕಪ್ಪಾಯಿತು, ಪಕ್ಕದಲ್ಲಿದ್ದ ವಯಸ್ಸಾದ ಸಿಸ್ಟರ್ ಏನೂ ಹೇಳದೆ ನನ್ನ ಕೈ ಹಿಡಿದು ಅಂಗೈಗೆ ಎಣ್ಣೆ ಸವರಿದರು. ಬೇಲಿಯಾಚೆ ಹೋಗುತ್ತಿದ್ದವರೊಬ್ಬರು ನಮ್ಮನ್ನು ನೋಡಿ "ಜೆಬಲೇಕೊ" ಅಂದರು. ಲುಗಾಂಡಾ ಭಾಷೆಯಲ್ಲಿ ಅದೊಂದು ನಮಸ್ಕಾರ. ಕೆಲಸ ಮಾಡುತ್ತಿರುವವರಿಗೆ, ನಿಮ್ಮ ದುಡಿಮೆಗೆ ಧನ್ಯವಾದ ಅಂತ ಹೇಳುವುದು. ಬೇರೇನೂ ಕಲಿಯದಿದ್ದರೂ ಈ ಒಂದು ಮಾತು ಕಲಿತು ಹೋಗಿ. ಬಟ್ಟೆ ಒಗೆಯುವವರಿಗೂ ಹೇಳಿ, ಡಾಕ್ಟರಿಗೂ ಹೇಳಿ. ಮತ್ತೆ, ಹುಡುಗಿಯರು ಮಂಡಿಯೂರಿ ನಿಮಗೆ ನಮಸ್ಕಾರ ಮಾಡಿದರೆ ಗಾಬರಿಯಾಗಿ ಎಬ್ಬಿಸಲು ಹೋಗಬೇಡಿ, ಕಂಪಾಲಾ ಸುತ್ತಲಿನ ಬುಗಾಂಡಾ ಸೀಮೆಯಲ್ಲಿ ಹಿರಿಯರಿಗೆ ಕೊಡುವ ಮರ್ಯಾದೆ ಅದು.

ಹೋಗುವ ಮೊದಲು ಮದರ್ ಕೆವಿನ್ ಬಗ್ಗೆ ಮಗಳಿಗೆ ಹೇಳಿ. ಐರ್ಲೆಂಡಿನ ಹೆಣ್ಣುಮಗಳು, 1875ರಲ್ಲಿ ಹುಟ್ಟಿದವರು. 1903ರಲ್ಲಿ ಆರು ಜನ ಸಿಸ್ಟರುಗಳು ಕಂಪಾಲಾದ ನ್ಸಂಬ್ಯಾ ಗುಡ್ಡಕ್ಕೆ ಬಂದರು, ಅವರಲ್ಲಿ ಇವರೂ ಒಬ್ಬರು. ಮಾವಿನ ಮರದ ಕೆಳಗೆ ಔಷಧಿ ಕೊಡಲು ಶುರು ಮಾಡಿದರು, ಅದೇ ಇವತ್ತಿನ ನ್ಸಂಬ್ಯಾ ಆಸ್ಪತ್ರೆ. ಸಿಸ್ಟರುಗಳು ಹೆರಿಗೆ ಮಾಡಿಸುವುದಕ್ಕೆ ಆಗ ಚರ್ಚಿನಲ್ಲಿ ಅಡ್ಡಿಯಿತ್ತು, ರೋಮಿನಲ್ಲಿರುವ ಚರ್ಚಿನ ಹಿರಿಯರು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟಿದ್ದು 1936ರಲ್ಲಿ. ಇವರು ಅಲ್ಲಿಯವರೆಗೆ ಕಾಯಲಿಲ್ಲ, 1921ರಲ್ಲೇ ಒಬ್ಬ ಡಾಕ್ಟರಮ್ಮನ ಜೊತೆ ಸೇರಿ ಅಲ್ಲಿನ ಹುಡುಗಿಯರಿಗೆ ಸೂಲಗಿತ್ತಿ ಕೆಲಸದ ತರಬೇತಿ ಶುರು ಮಾಡಿದರು. 1923ರಲ್ಲಿ ಆಫ್ರಿಕಾದ ಹೆಣ್ಣುಮಕ್ಕಳದ್ದೇ ಆದ ಒಂದು ಸಿಸ್ಟರುಗಳ ಸಂಘ ಕಟ್ಟಿದರು, ನನಗೆ ಅದು ಆಸ್ಪತ್ರೆಗಿಂತಲೂ ದೊಡ್ಡ ಕೆಲಸ ಅನಿಸುತ್ತದೆ. 1957ರಲ್ಲಿ ಅಮೆರಿಕದಲ್ಲಿ ತೀರಿಕೊಂಡಾಗ ಮೊದಲು ಐರ್ಲೆಂಡಿನಲ್ಲಿ ಮಣ್ಣು ಮಾಡಿದ್ದರು. ಉಗಾಂಡಾದವರು ಬಿಡಲಿಲ್ಲ, ತಮ್ಮ ದೇಶದ ನ್ಕೊಕೊಂಜೇರು ಊರಿಗೆ ತರಿಸಿಕೊಂಡರು.

ಪ್ರಶ್ನೆ: ವಿದೇಶದ ಮಿಷನ್ ಶಾಲೆ ನೋಡಲು ಹೋಗುವಾಗ ಮಕ್ಕಳಿಗೆ ಚಾಕೊಲೇಟ್, ಬಟ್ಟೆ ಒಯ್ಯಬಹುದಾ? ಫೋಟೋ ತೆಗೆಯಬಹುದಾ?

ಉತ್ತರ: ಎರಡನ್ನೂ ಸುಪೀರಿಯರ್ ಸಿಸ್ಟರನ್ನು, ಅಂದರೆ ಆ ಕಾನ್ವೆಂಟಿನ ಮುಖ್ಯಸ್ಥೆಯನ್ನು, ಕೇಳದೆ ಮಾಡಬೇಡಿ. ಐವತ್ತು ಚಾಕೊಲೇಟ್ ಹಿಡಿದು ಇನ್ನೂರು ಮಕ್ಕಳ ಮುಂದೆ ನಿಂತರೆ ಆಮೇಲಿನ ಜಗಳ ಬಿಡಿಸುವವರು ಅವರು, ನೀವಲ್ಲ. ಏನು ಬೇಕು ಅಂತ ಮೊದಲೇ ಕೇಳಿ. ಎಷ್ಟೋ ಸಲ ಅಲ್ಲಿನ ಅಂಗಡಿಯಲ್ಲೇ ಕೊಂಡುಕೊಟ್ಟರೆ ಲಗೇಜೂ ಕಮ್ಮಿ, ಅಂಗಡಿಯವರಿಗೂ ವ್ಯಾಪಾರ. ಹಾಸಿಗೆ ಹಿಡಿದ ರೋಗಿಯ ಫೋಟೋ ಬೇಡವೇ ಬೇಡ. ನಿಮ್ಮ ಮಗು ಆಸ್ಪತ್ರೆಯಲ್ಲಿದ್ದಾಗ ಅಪರಿಚಿತರು ಬಂದು ಫೋನ್ ಹಿಡಿದರೆ ಸುಮ್ನೆ ಇರ್ತೀರಾ?

ಪ್ರಶ್ನೆ: ಅತಿಥಿಯಾಗಿ ಉಳಿದರೆ ಸಿಸ್ಟರುಗಳಿಗೆ ದುಡ್ಡು ಕೊಡಬೇಕಾ? ಅವರಿಗೆ ಸಂಬಳ ಇರುತ್ತಲ್ಲ?

ಉತ್ತರ: ಬಡತನದ ವ್ರತ ಅಂದರೆ ಇದೇ, ಟೀಚರ್ ಆಗಿಯೋ ನರ್ಸ್ ಆಗಿಯೋ ಸಂಬಳ ಬಂದರೂ ಅದು ಆ ಸಿಸ್ಟರ್ ಕೈಯಲ್ಲಿ ಉಳಿಯುವುದಿಲ್ಲ, ಸಂಘದ ಒಟ್ಟು ಖರ್ಚಿಗೆ ಸೇರುತ್ತದೆ. ಚಪ್ಪಲಿ ಕಿತ್ತುಹೋದರೂ ಅಲ್ಲಿಂದಲೇ ಕೇಳಿ ತೆಗೆದುಕೊಳ್ಳಬೇಕು. ಅವರು ಬಾಯಿಬಿಟ್ಟು ಕೇಳುವುದಿಲ್ಲ, ಹಾಗಾಗಿ ನೀವೇ ಲೆಕ್ಕ ಹಾಕಿ, ಅಲ್ಲೇ ಒಂದು ಸಾಧಾರಣ ಲಾಡ್ಜಿಗೆ ಊಟ ಸೇರಿಸಿ ಎಷ್ಟಾಗುತ್ತಿತ್ತೋ ಅದಕ್ಕಿಂತ ಕಮ್ಮಿ ಆಗದಂತೆ ಕವರಿನಲ್ಲಿ ಹಾಕಿ ಹೊರಡುವ ದಿನ ಸುಪೀರಿಯರ್ ಕೈಗೆ ಕೊಡಿ.