ಭೂಕುಸಿತದ ನಕ್ಷೆಯಲ್ಲಿ ಯಾವುದಕ್ಕೆ ಎಷ್ಟು ತೂಕ?

ಕೊಡಗಿನ ಭೂಕುಸಿತ ಅಪಾಯದ ನಕ್ಷೆ ಮಾಡಲು ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಇಳಿಜಾರು, ಮಳೆ, ಮಣ್ಣು, ರಸ್ತೆ ಎಲ್ಲ ಲೇಯರ್ (ಪದರ) ಜೋಡಿಸಿದ್ದೀರಿ. ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಅನ್ನುವುದು ನಿಮ್ಮ ಪ್ರಶ್ನೆ. ನನ್ನ ಮಾತು ಕೇಳುವುದಾದರೆ, ತೂಕವನ್ನು ನೀವು ಅಂದಾಜಿನಲ್ಲಿ ಕೊಡಬೇಡಿ. ಹಿಂದೆ ಕುಸಿದ ಜಾಗಗಳಿಂದಲೇ ಲೆಕ್ಕ ಹಾಕಿ.

ಹಾಗಾಗಿ ಮೊದಲು ಹಳೆಯ ಕುಸಿತಗಳ ಪಟ್ಟಿ ಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜರಿದವಲ್ಲ, ಅಲ್ಲಿಂದ ಶುರು ಮಾಡಿ. ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರಗಳು (ಚಿತ್ರದ ಒಂದು ಚುಕ್ಕಿ ಎಂದರೆ ನೆಲದ ಮೇಲೆ 10 ಮೀಟರ್) ಉಚಿತ. ಮಳೆಗಾಲದಲ್ಲಿ ಬರೀ ಮೋಡ, ಆದ್ದರಿಂದ 2018ರ ಜನವರಿ ಮತ್ತು ಡಿಸೆಂಬರ್ ಚಿತ್ರಗಳನ್ನು ಹೋಲಿಸಿ. ಹಸಿರು ಹೋಗಿ ಕೆಂಪು ಮಣ್ಣು ಕಾಣುವಲ್ಲಿ ಕುಸಿತ ಇರಬಹುದು. ಹೊಸದಾಗಿ ಸಮತಟ್ಟು ಮಾಡಿದ ಜಾಗವೂ ಹಾಗೇ ಕಾಣುತ್ತದೆ, ಗೂಗಲ್ ಅರ್ಥ್‌ನ ಹಳೆಯ ಚಿತ್ರ ನೋಡಿ ಖಚಿತ ಮಾಡಿಕೊಳ್ಳಿ. ಭೂಕೋಶ್ ಪೋರ್ಟಲ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದಾಖಲಿಸಿದ ಕುಸಿತಗಳೂ ಇವೆ.

ಗುರುತು ಹಾಕುವಾಗ ಕುಸಿತದ ತಲೆಯನ್ನು, ಅಂದರೆ ಜರಿಯಲು ಶುರುವಾದ ಮೇಲಿನ ಭಾಗವನ್ನು ಮಾತ್ರ ತೆಗೆದುಕೊಳ್ಳಿ. ಮಣ್ಣು ಹರಿದ ದಾರಿಯನ್ನೆಲ್ಲ ಸೇರಿಸಿದರೆ ಕೆಳಗಿನ ಗದ್ದೆಯೂ ಕುಸಿಯುವ ಜಾಗ ಎಂದು ಲೆಕ್ಕಕ್ಕೆ ಬರುತ್ತದೆ. ಆದರೆ ಆ ದಾರಿಯನ್ನು ಬಿಟ್ಟುಬಿಡಬೇಡಿ, ಪ್ರತ್ಯೇಕ ನಕ್ಷೆ ಮಾಡಿ. 2024ರ ಜುಲೈ 30ರಂದು ವಯನಾಡಿನಲ್ಲಿ ಕುಸಿತ ಶುರುವಾಗಿದ್ದು ಸುಮಾರು 1550 ಮೀಟರ್ ಎತ್ತರದಲ್ಲಿ. ಅದು ಸುಮಾರು 8 ಕಿಲೋಮೀಟರ್ ಹರಿದು ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಕೊಚ್ಚಿತು. ಎಲ್ಲಿ ಜರಿಯುತ್ತದೆ ಎಂದಷ್ಟೇ ತೋರಿಸುವ ನಕ್ಷೆ ತೋಡಿನ ಪಕ್ಕದ ಮನೆಯವರಿಗೆ ಏನೂ ಹೇಳುವುದಿಲ್ಲ.

ಇನ್ನು ಲೆಕ್ಕ. ಸುಲಭದ್ದು ಫ್ರೀಕ್ವೆನ್ಸಿ ರೇಶಿಯೋ, ಅಂದರೆ ಒಂದು ಬಗೆಯ ಜಾಗದಲ್ಲಿ ಆದ ಕುಸಿತದ ಪಾಲನ್ನು ಆ ಜಾಗದ ಪಾಲಿನಿಂದ ಭಾಗಿಸುವುದು. ಉದಾಹರಣೆಗೆ, 25ರಿಂದ 35 ಡಿಗ್ರಿ ಇಳಿಜಾರು ನಿಮ್ಮ ಪ್ರದೇಶದ ಶೇ 10ರಷ್ಟು ಇದ್ದು, ಶೇ 30ರಷ್ಟು ಕುಸಿತ ಅಲ್ಲೇ ಆಗಿದ್ದರೆ ಅದರ ಅಂಕ 3. ಒಂದಕ್ಕಿಂತ ಜಾಸ್ತಿ ಬಂದರೆ ಅಪಾಯ ಹೆಚ್ಚು. ಪ್ರತಿ ಲೇಯರಿಗೂ ಹೀಗೆ ಮಾಡಿ ಕೂಡಿಸಿ. ಮುಂದೆ ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಮಾಡೆಲ್ ಆದ ರ‍್ಯಾಂಡಮ್ ಫಾರೆಸ್ಟ್‌ಗೆ ಹೋಗುವುದಾದರೆ, ಹೋಲಿಕೆಗೆ ಅದಕ್ಕೆ ಕೊಡುವ ಕುಸಿಯದ ಜಾಗಗಳನ್ನು ಬಯಲಿನಿಂದ ಆರಿಸಬೇಡಿ. ಗುಡ್ಡ ಮತ್ತು ಗದ್ದೆಯ ವ್ಯತ್ಯಾಸ ಕಂಡುಹಿಡಿದೇ ಮಾಡೆಲ್ ಒಳ್ಳೆ ಅಂಕ ತೆಗೆದುಕೊಳ್ಳುತ್ತದೆ. ಅದರಿಂದ ಏನು ಉಪಯೋಗ? ಮಾಡೆಲ್‌ನ ಪರೀಕ್ಷೆಗೂ ಅದು ಕಲಿಯುವಾಗ ನೋಡದ ಒಂದು ಇಡೀ ಕಣಿವೆಯನ್ನು ಬೇರೆ ಇಡಿ.

ಎತ್ತರದ ಮಾಹಿತಿಗೆ ಕೋಪರ್ನಿಕಸ್ 30 ಮೀಟರ್ ಡಿಇಎಂ (ನೆಲದ ಎತ್ತರವನ್ನು ಚೌಕ ಚೌಕವಾಗಿ ಕೊಡುವ ಡಿಜಿಟಲ್ ಮಾದರಿ) ಸಾಕು. ಆಲೋಸ್ ಪಾಲ್ಸಾರ್ ಎಂಬ ಉಪಗ್ರಹ ರಾಡಾರ್ ಚಿತ್ರಗಳ ಜೊತೆ ಸಿಗುವ 12.5 ಮೀಟರ್ ಡಿಇಎಂಗೆ ಮರುಳಾಗಬೇಡಿ. ನಮ್ಮ ಭಾಗಕ್ಕೆ ಅದು ಹಳೆಯ ಎಸ್‌ಆರ್‌ಟಿಎಂ ಎತ್ತರದ ಮಾಹಿತಿಯನ್ನೇ ಸಣ್ಣ ಚೌಕಗಳಾಗಿ ಮಾಡಿದ್ದು.

ಯಾವ ಉಚಿತ ಡಿಇಎಂನಲ್ಲೂ ಮನೆ ಹಿಂದೆ ಜೆಸಿಬಿಯಲ್ಲಿ ಕಡಿದ ಬರೆ (ಗುಡ್ಡದ ನೇರ ಗೋಡೆ) ಕಾಣುವುದಿಲ್ಲ. 30 ಮೀಟರ್ ಚೌಕದಲ್ಲಿ 6 ಮೀಟರ್ ಎತ್ತರದ ನೇರ ಕಡಿತ ಕರಗಿಹೋಗುತ್ತದೆ. ಕೊಡಗಿನಲ್ಲಿ ರಸ್ತೆಗೆ, ಮನೆಗೆ, ಹೋಮ್‌ಸ್ಟೇಗೆ ಬುಡ ಕಡಿದ ಗುಡ್ಡಗಳು ಎಷ್ಟಿವೆ ಅಂತ ನಿಮಗೂ ಗೊತ್ತು. ನನಗೆ ಅತಿ ಹೆಚ್ಚು ಭಯವಾಗುವುದು ಇವುಗಳದ್ದೇ. ಮೊಬೈಲಿನಲ್ಲಿ ಸ್ಥಳದಲ್ಲೇ ಮಾಹಿತಿ ದಾಖಲಿಸುವ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಂಡು ರಸ್ತೆ ರಸ್ತೆ ನಡೆಯಿರಿ. ಬರೆಯ ಎತ್ತರ, ಮನೆಗೂ ಅದಕ್ಕೂ ಇರುವ ಅಂತರ, ನೀರು ಒಸರುತ್ತಿದೆಯಾ, ಮೇಲೆ ಬಿರುಕು ಬಿಟ್ಟಿದೆಯಾ, ಎಲ್ಲ ದಾಖಲಿಸಿ. ನಕ್ಷೆಯನ್ನು ಪಂಚಾಯಿತಿಗೆ ಕೊಡುವ ಯೋಚನೆ ಇದ್ದರೆ ಈ ಲೇಯರ್ ಬೇಕೇ ಬೇಕು.